ಪಾಠ ನಾಲೆಯ ಕೊನೆಗೂ ಮುಟ್ಟಲಿ

ಸರ್ಕಾರಿ ಶಾಲೆಗಳ ಆನ್‌ಲೈನ್ ಕಲಿಕೆಯ ಯೋಜನೆ ಬರೆಯುವ ತಂಡಕ್ಕೆ ನಿನ್ನನ್ನು ಹಾಕಿದ್ದಾರೆ ಅಂತ ಕೇಳಿ ಖುಷಿಯಾಯಿತು ಕಣವ್ವ. ಸರ್ಕಾರಿ ಶಾಲೆಯ ಜಗಲಿಯಲ್ಲಿ ಕೂತು ಓದಿದವಳು ಆ ಮೇಜಿನ ಮುಂದೆ ಕೂರುವುದೇ ಒಂದು ಲಾಭ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಂತ ಈ ನಾಲ್ಕು ತಾಲ್ಲೂಕು ಸುತ್ತಿ ನಿವೃತ್ತನಾದ ಮೇಷ್ಟ್ರು ನಾನು. ಕಂಪ್ಯೂಟರಿನ ವಿಷಯದಲ್ಲಿ ನಿನಗೆ ಹೇಳಿಕೊಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಇಲಾಖೆ ಹೇಗೆ ನಡೆಯುತ್ತದೆ, ಯಾವುದು ಉಳಿಯುತ್ತದೆ, ಯಾವುದು ಹೇಳಹೆಸರಿಲ್ಲದೆ ಹೋಗುತ್ತದೆ ಅನ್ನುವುದು ಮಾತ್ರ ಒಂದಿಷ್ಟು ಗೊತ್ತು.

ಹೊಸದನ್ನು ಶುರುಮಾಡುತ್ತಿದ್ದೇವೆ ಅನ್ನುವ ಹುಮ್ಮಸ್ಸನ್ನು ಮೊದಲು ಸ್ವಲ್ಪ ಇಳಿಸಿಕೋ. ದೂರದಿಂದ ಕಲಿಸುವ ಆಸೆ ಈ ಸೀಮೆಗೆ ಹೊಸದಲ್ಲ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಶುರುಮಾಡಿದ್ದು 1935ರಲ್ಲಿ. ನಮ್ಮ ಜಿಲ್ಲೆಯ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಡುವ ‘ಮಾಹಿತಿ ಸಿಂಧು’ ಬಂತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಎಜುಸ್ಯಾಟ್ ಹಾರಿತು. ಪಕ್ಕದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಆ ಉಪಗ್ರಹದಿಂದಲೇ ಕನ್ನಡ ಪಾಠ ಇಳಿಯಿತು. 2010ರ ಸೆಪ್ಟೆಂಬರಿಗೆ ಉಪಗ್ರಹದ ಆಯುಷ್ಯ ಮುಗಿಯಿತು. 2017ರ ಶಿಕ್ಷಕರ ದಿನದಂದು ಕೇಂದ್ರದ ‘ದೀಕ್ಷಾ’ ಅನ್ನುವ ಆನ್‌ಲೈನ್ ಕಲಿಕಾ ವೇದಿಕೆ ಬಂತು, ನಮ್ಮ ಪಠ್ಯಪುಸ್ತಕಗಳ ಮೇಲೆ ಕ್ಯೂಆರ್ ಕೋಡ್ ಮೂಡಿತು. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಜುಲೈನಲ್ಲಿ, ಚಂದನ ವಾಹಿನಿಯಲ್ಲಿ ‘ಸೇತುಬಂಧ’ ಪಾಠಗಳು ಬಂದವು, ಆಮೇಲೆ ‘ಸಂವೇದ’.

ಇವುಗಳಲ್ಲಿ ಯಾವುದೂ ಕೆಟ್ಟ ಆಲೋಚನೆಯಲ್ಲ. ಪಾಠ ಮಾಡಿದವರು ಬೆವರು ಸುರಿಸಿಯೇ ಮಾಡಿದರು. ಆದರೆ ಪಾಠ ಬರಲಿಲ್ಲ ಅಂದಾಗ ನಮ್ಮ ಹಳ್ಳಿಯ ತಾಯಿಯೊಬ್ಬಳು ಯಾರ ಮುಂದೆ ಹೋಗಿ ಕೇಳಬೇಕಿತ್ತು? ಈ ಪ್ರಶ್ನೆಗೆ ಯಾವ ಕಾಲದಲ್ಲೂ ಸರಿಯಾದ ಉತ್ತರ ಸಿಗಲಿಲ್ಲ. ಗುತ್ತಿಗೆಯ ಮೇಲೆ ಬಂದ ಕಂಪ್ಯೂಟರ್ ಮೇಷ್ಟ್ರು ಗುತ್ತಿಗೆ ಮುಗಿದ ದಿನ ಹೊರಟುಹೋಗುತ್ತಿದ್ದರು. ಬೀಗದ ಕೈ ಹೆಡ್‌ಮಾಸ್ಟರ ಮೇಜಿನಲ್ಲಿ ಉಳಿಯುತ್ತಿತ್ತು. ಯು.ಪಿ.ಎಸ್. ಬ್ಯಾಟರಿ ಸತ್ತರೆ ಹೊಸದು ಹಾಕಿಸಲು ಯಾವ ಲೆಕ್ಕಶೀರ್ಷಿಕೆಯಲ್ಲೂ ದುಡ್ಡಿರುತ್ತಿರಲಿಲ್ಲ. ಆಮೇಲೆ ಬಂದ ‘ಟಾಲ್ಪ್’ ಯೋಜನೆ ಹೊರಗಿನವರನ್ನು ತರುವ ಬದಲು ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಅದನ್ನು ನಾನು ಈಗಲೂ ಮೆಚ್ಚುತ್ತೇನೆ.

ನೀನು ಮಂಡ್ಯ ಜಿಲ್ಲೆಯವಳು, ನಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಕನ್ನಂಬಾಡಿ ಕಟ್ಟೆಯಲ್ಲಿ ತೂಬು ಎತ್ತಿದ್ದನ್ನು ಪೇಪರಿನವರು ಬರೆಯುತ್ತಾರೆ. ಆದರೆ ವಿ.ಸಿ. ನಾಲೆಯ ಯೋಗ್ಯತೆ ಗೊತ್ತಾಗುವುದು ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗದ ಗದ್ದೆಯಲ್ಲಿ. ಅಲ್ಲಿಗೆ ನೀರು ಮುಟ್ಟಿಸುವವನು ಮಂತ್ರಿಯಲ್ಲ, ನೀರುಗಂಟಿ. ಯಾರ ತೂಬು ಎಷ್ಟು ಹೊತ್ತು ತೆರೆಯಬೇಕು, ಎಲ್ಲಿ ಹೂಳು ತುಂಬಿದೆ, ಯಾರು ರಾತ್ರೋರಾತ್ರಿ ಅಡ್ಡ ಕಟ್ಟಿದ್ದಾರೆ ಅನ್ನುವುದೆಲ್ಲ ಅವನಿಗೆ ಗೊತ್ತು. ನಿನ್ನ ಯೋಜನೆಯಲ್ಲಿ ಬೆಂಗಳೂರಿನ ಸ್ಟುಡಿಯೋ ಇದೆ, ಸರ್ವರ್ ಇದೆ, ಆ್ಯಪ್ ಇದೆ. ನೀರುಗಂಟಿ ಯಾರು? ಅವನ ಹುದ್ದೆ, ಸಂಬಳ, ಅಧಿಕಾರ ಯಾವ ಪುಟದಲ್ಲಿವೆ? ಸಿ.ಆರ್.ಪಿ.ಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ತಲೆಗೆ ಇದನ್ನೂ ಕಟ್ಟಿಬಿಟ್ಟರಾಯಿತು ಅಂತ ನಿಮ್ಮ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಸುಮ್ಮನೆ ಕೂರಬೇಡ.

ನಾಲ್ಕು ತಾಲ್ಲೂಕು ಒಂದೇ ಜಿಲ್ಲೆಯಲ್ಲಿವೆ ಅಂತ ಒಂದೇ ಅಂದುಕೊಳ್ಳಲೂ ಬೇಡ. ಶ್ರೀರಂಗಪಟ್ಟಣ ಹೆದ್ದಾರಿಯ ಮೇಲಿದೆ, ಮೈಸೂರು ಕೂಗಳತೆಯಲ್ಲಿದೆ. ಅಲ್ಲಿ ಸಿಗ್ನಲ್ ಸಮಸ್ಯೆ ಕಡಿಮೆ. ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೊತೆ ಮೈಸೂರಿನ ಕೆಲಸಕ್ಕೆ ಹೋಗಿಬಿಡುತ್ತದೆ ಅನ್ನುವುದೇ ಅಲ್ಲಿನ ಸಮಸ್ಯೆ. ಪಾಂಡವಪುರದಲ್ಲಿ ಕಬ್ಬಿನ ಹಂಗಾಮು ಬಂದರೆ ಕಡಿಯುವವರ ಮಕ್ಕಳು ಗುಡಿಸಲಿನ ಜೊತೆ ಬರುತ್ತಾರೆ, ಹಂಗಾಮು ಮುಗಿದರೆ ಹೋಗುತ್ತಾರೆ. ಅವರ ಹಾಜರಾತಿ ಯಾವ ಶಾಲೆಯದ್ದು? ಕೆ.ಆರ್. ಪೇಟೆಗೂ ಮುಂಬೈಗೂ ಹಳೇ ನಂಟು. 2020ರ ಮೇನಲ್ಲಿ ಮುಂಬೈಯಿಂದ ಸಂಸಾರಗಳೇ ಊರಿಗೆ ಮರಳಿದವು, ಅವರ ಜೊತೆ ಅಲ್ಲಿನ ಶಾಲೆಗಳಲ್ಲಿ ಅರ್ಧ ಓದಿದ ಮಕ್ಕಳೂ ಬಂದರು. ಅಂಥ ಮಗುವಿಗೆ ಕನ್ನಡ ಮನೆಮಾತು, ಆದರೆ ಓದಲು ಬಾರದ ಲಿಪಿ. ನಾಗಮಂಗಲ ಮಳೆ ನಂಬಿದ ಸೀಮೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ, ಮಗು ಅಜ್ಜಿಯ ಹತ್ತಿರ. ಅಜ್ಜಿಯ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಒಂದೇ ವೇಳಾಪಟ್ಟಿ, ಒಂದೇ ಆ್ಯಪ್ ಈ ನಾಲ್ಕಕ್ಕೂ ಸಲ್ಲುತ್ತದೆ ಅನ್ನುವವನು ಈ ಕಡೆ ಬಂದೇ ಇಲ್ಲ ಅಂತ ಅರ್ಥ.

ಇಲಾಖೆಯ ಇತಿಹಾಸದಲ್ಲಿ ಮಕ್ಕಳ ನಡುವಿನ ಈ ವ್ಯತ್ಯಾಸವನ್ನು ಹತ್ತಿರದಿಂದ ಅರಿತ ಒಂದು ಯೋಜನೆ ಇದೆ. ಅದು ವಿದ್ಯಾಗಮ. 2020ರ ಆಗಸ್ಟ್‌ನಲ್ಲಿ ಬಂತು. ಇಂಟರ್‌ನೆಟ್ ಸಮೇತ ಸಾಧನ ಇರುವ ಮಕ್ಕಳು, ಇಂಟರ್‌ನೆಟ್ ಇಲ್ಲದ ಬರೀ ಫೋನಿನವರು, ಏನೂ ಇಲ್ಲದವರು ಅಂತ ಮೂರು ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ಮೇಷ್ಟ್ರನ್ನು ಹೊಣೆ ಮಾಡಿತು. ಏನೂ ಇಲ್ಲದವರ ಹತ್ತಿರಕ್ಕೆ ಮೇಷ್ಟ್ರೇ ಹೋದರು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಸಮುದಾಯ ಭವನ, ಎಲ್ಲಿ ನೆರಳಿತ್ತೋ ಅಲ್ಲಿ ಪಾಠ. ಟಿ.ವಿ. ಪಾಠದಲ್ಲಿ ಕರೆಂಟು ಹೋದರೆ ಪಾಠವೂ ಹೋಗುತ್ತಿತ್ತು, ಮಗು ಕೈ ಎತ್ತಿದರೆ ನೋಡುವವರಿರಲಿಲ್ಲ. ಅರಳಿಕಟ್ಟೆಯಲ್ಲಿ ಅದೇ ಪಾಠವನ್ನು ಮತ್ತೆ ಬಿಡಿಸಿ ಹೇಳುವ ಒಬ್ಬರಿದ್ದರು. ಅಕ್ಟೋಬರಿನಲ್ಲಿ ಶಿಕ್ಷಕರೂ ಮಕ್ಕಳೂ ಸೋಂಕಿಗೆ ಸಿಕ್ಕರು, ಶಿಕ್ಷಕರ ಸಾವುಗಳಾದವು, ಸರ್ಕಾರ ಅದನ್ನು ನಿಲ್ಲಿಸಿತು. 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ನಾನಂತೂ ಅದನ್ನು ಸೋಲು ಅನ್ನುವುದಿಲ್ಲ. ಆದರೆ ಕೊನೆಯ ಮಗುವಿನ ಹತ್ತಿರಕ್ಕೆ ಯಾರನ್ನು ಕಳಿಸುತ್ತೀಯೋ ಅವರ ರಕ್ಷಣೆ, ವಿಮೆ, ಓಡಾಟದ ಖರ್ಚು ಆದೇಶದಲ್ಲೇ ಇರಬೇಕು. ಹೊಣೆ ಹೊರಿಸಿ ಕೈತೊಳೆದುಕೊಳ್ಳುವುದು ಆಡಳಿತವಲ್ಲ.

2020ರದ್ದೇ ಇನ್ನೊಂದು ಪ್ರಸಂಗವನ್ನೂ ಓದಿಕೋ. ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಅಂತ ಸರ್ಕಾರ ಜೂನ್‌ನಲ್ಲಿ ಆದೇಶ ಮಾಡಿತು. ಪ್ರೊ. ಎಂ.ಕೆ. ಶ್ರೀಧರ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯೂ ಆಯಿತು. ಜುಲೈ 8ರಂದು ಹೈಕೋರ್ಟ್ ಆ ನಿರ್ಬಂಧಕ್ಕೆ ತಡೆ ಕೊಟ್ಟಿತು, ಮಕ್ಕಳ ಶಿಕ್ಷಣದ ಮೂಲಭೂತ ಹಕ್ಕಿನ ಮಾತು ಎತ್ತಿತು. ಉದ್ದೇಶ ಒಳ್ಳೆಯದಿದ್ದರೆ ಸಾಲದು, ಆದೇಶದ ಕೆಳಗೆ ಕಾನೂನಿನ ಗಟ್ಟಿ ಬುಡ ಇರಬೇಕು. ಅಮೆರಿಕದ ಐಡಾಹೋ ಅನ್ನುವ ರಾಜ್ಯ 2002ರಲ್ಲಿ ತನ್ನ ಆನ್‌ಲೈನ್ ಶಾಲೆಯನ್ನು ಶಾಸನಸಭೆಯ ಕಾನೂನಿನಿಂದಲೇ ಕಟ್ಟಿತು, ಅದಕ್ಕೊಂದು ಆಡಳಿತ ಮಂಡಳಿ ಇಟ್ಟಿತು. ಅಷ್ಟು ದೂರ ಹೋಗುವುದೂ ಬೇಡ, ಪಕ್ಕದ ಕೇರಳ ನೋಡು. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆಯನ್ನೇ 2017ರಲ್ಲಿ ‘ಕೈಟ್’ ಅನ್ನುವ ಸರ್ಕಾರಿ ಕಂಪನಿ ಮಾಡಿದರು. ಎಜುಸ್ಯಾಟ್ ಕಾಲದಲ್ಲಿ, 2005ರಲ್ಲಿ, ಅಬ್ದುಲ್ ಕಲಾಂ ಉದ್ಘಾಟಿಸಿದ ವಿಕ್ಟರ್ಸ್ ವಾಹಿನಿ ಉಪಗ್ರಹ ಹೋದ ಮೇಲೂ ಉಳಿಯಿತು. ಯಾಕೆಂದರೆ ಅದಕ್ಕೆ ಮನೆಯಿತ್ತು, ಮನೆಯವರಿದ್ದರು. 2020ರ ಜೂನ್ 1ಕ್ಕೆ ‘ಫಸ್ಟ್ ಬೆಲ್’ ಶುರುವಾದಾಗ ಮೊದಲ ಪಾಠಗಳನ್ನು ಪ್ರಯೋಗ ಅಂತಲೇ ಕರೆದು, ಸಿಗದವರಿಗಾಗಿ ಮತ್ತೆ ಪ್ರಸಾರ ಮಾಡಿದರು. ಕಾಸರಗೋಡಿನ ನಮ್ಮವರ ಮಕ್ಕಳಿಗಾಗಿ ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಮಲಯಾಳಂ ರಾಜ್ಯ ಕನ್ನಡದ ಮಗುವನ್ನು ನೆನೆಸಿಕೊಂಡಿತು. ನಮ್ಮ ರಾಜ್ಯದ ಉರ್ದು, ಮರಾಠಿ, ತೆಲುಗು, ತಮಿಳು ಶಾಲೆಯ ಮಕ್ಕಳನ್ನು ನೀನು ನೆನೆಸಿಕೋ.

ಪಾಠ ಯಾರು ಮಾಡಬೇಕು ಅನ್ನುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿಕಲಿ ಕಲಿಕಾ ಪದ್ಧತಿ ಹುಟ್ಟಿದಾಗ ಅದರ ಕಾರ್ಡುಗಳನ್ನು ಬರೆದವರು ಅಲ್ಲಿನ ಶಿಕ್ಷಕರೇ. ಅದಕ್ಕೇ ಅದು ಬಾಳಿತು. ಪಾಠ ಮುಕ್ತ ಪರವಾನಗಿಯಲ್ಲಿರಲಿ, ಯಾವ ಶಿಕ್ಷಕರು ಬೇಕಾದರೂ ತಿದ್ದಿ ಬಳಸುವಂತಿರಲಿ. ಟೆಂಡರ್ ಕರೆಯುವಾಗ ಪಾಠದ ಒಡೆತನ ಇಲಾಖೆಯದ್ದು ಅಂತ ಬರೆಸು. ಇಲ್ಲದಿದ್ದರೆ ಕಂಪನಿ ಹೋದ ದಿನ ಪಾಠವೂ ಹೋಗುತ್ತದೆ.

ಲೆಕ್ಕದ ಹುಚ್ಚಿನಿಂದ ದೂರ ಇರು. ಎಷ್ಟು ಲಕ್ಷ ಜನ ನೋಡಿದರು, ಎಷ್ಟು ನೋಂದಣಿ ಆಯಿತು ಅನ್ನುವ ವರದಿ ಮೇಲಿನವರಿಗೆ ಹಿತ. ಕೆಳಗೆ ಮೇಷ್ಟ್ರು ಪಾಠ ಬಿಟ್ಟು ಅಪ್‌ಲೋಡ್ ಮಾಡುತ್ತಾ ಕೂತಿರುತ್ತಾರೆ. ಬೋಟ್ಸ್ವಾನಾ ದೇಶದಲ್ಲಿ 2020ರಲ್ಲಿ ಶಾಲೆ ಮುಚ್ಚಿದಾಗ ಒಂದು ಪ್ರಯೋಗ ಮಾಡಿದರು. ಕೆಲವು ಮನೆಗಳಿಗೆ ಬರೀ ಸಂದೇಶ ಹೋಯಿತು, ಕೆಲವಕ್ಕೆ ಸಂದೇಶದ ಜೊತೆ ವಾರಕ್ಕೊಂದು ಸಣ್ಣ ಫೋನ್ ಕರೆಯೂ ಹೋಯಿತು. ಲೆಕ್ಕದಲ್ಲಿ ಮುಂದೆ ಬಂದವರು ಕರೆ ಬಂದ ಮನೆಯ ಮಕ್ಕಳು. ಅದೇ ದಾರಿಯಲ್ಲಿ ನಮ್ಮ ರಾಜ್ಯದ ‘ಗಣಿತ ಗಣಕ’ ಯೋಜನೆಯಲ್ಲೂ ಶಿಕ್ಷಕರು ಫೋನ್ ಮಾಡಿ ಕೂಡು, ಕಳೆ ಕಲಿಸುತ್ತಾರೆ. ನಾಗಮಂಗಲದ ಅಜ್ಜಿಯ ಫೋನಿಗೂ ಅದು ಮುಟ್ಟುತ್ತದೆ. ಅಬ್ಬರವಿಲ್ಲದ ಇಂಥದ್ದಕ್ಕೆ ದುಡ್ಡು ಕೇಳಲು ನಾಚಿಕೊಳ್ಳಬೇಡ.

ಮಕ್ಕಳ ಮಾಹಿತಿಯ ವಿಷಯದಲ್ಲಿ ಜಿಪುಣಳಾಗು. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ 49 ದೇಶಗಳ ಸರ್ಕಾರಗಳು ಒಪ್ಪಿದ ಕಲಿಕಾ ಸಾಧನಗಳನ್ನು ಪರೀಕ್ಷಿಸಿ, ಹೆಚ್ಚಿನವು ಮಕ್ಕಳ ಖಾಸಗಿತನಕ್ಕೆ ಧಕ್ಕೆ ತರುತ್ತವೆ ಅಂದಿತು. ಆ ಪಟ್ಟಿಯಲ್ಲಿ ನಮ್ಮ ದೇಶದ ದೀಕ್ಷಾ ಕೂಡ ಇತ್ತು. ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಶಾಲೆಗಳಿಗೆ ವಿನಾಯಿತಿ ಸಿಗಬಹುದು. ಸಿಗುತ್ತದೆ ಅಂತ ಜಾತಿ, ಆಧಾರ್, ಊರು, ಫೋಟೋ ಎಲ್ಲವನ್ನೂ ಕೇಳಬೇಡ. ಪಾಠಕ್ಕೆ ಬೇಕಾದಷ್ಟು ಮಾತ್ರ ತಗೋ, ಎಷ್ಟು ದಿನಕ್ಕೆ ಅಳಿಸುತ್ತೀಯ ಅಂತಲೂ ಬರೆ.

ಕೊನೆಯದಾಗಿ ಎಸ್.ಡಿ.ಎಂ.ಸಿ., ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮಾತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಬಿಸಿಯೂಟದ ಅಕ್ಕಿ ಹೇಗಿದೆ ಅಂತ ಕೇಳುವ ಈ ಸಮಿತಿಗೆ ಆನ್‌ಲೈನ್ ಪಾಠ ಬಂತೋ ಇಲ್ಲವೋ ಅಂತ ಕೇಳುವ ಅಧಿಕಾರವನ್ನೂ ಬರೆದು ಕೊಡು. ತಾಲ್ಲೂಕಿಗೊಬ್ಬ ಹೊಣೆಗಾರ ಅಧಿಕಾರಿ, ಅವರ ಹೆಸರು ಮತ್ತು ನಂಬರು ಶಾಲೆಯ ಗೋಡೆಯ ಮೇಲೆ, ದೂರಿಗೆ ಇಷ್ಟು ದಿನದಲ್ಲಿ ಉತ್ತರ ಅನ್ನುವ ಗಡುವು, ದುರಸ್ತಿಗೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಹಣ. ಇಷ್ಟನ್ನು ಆದೇಶದ ಮೊದಲ ಪುಟಕ್ಕೆ ತಾ, ಆ್ಯಪಿನ ಹೆಸರು ಅನುಬಂಧಕ್ಕೆ ಹೋಗಲಿ. ಕರಡು ಬರೆದ ಮೇಲೆ ಮೇಲಿನವರಿಗೆ ಕಳಿಸುವ ಮುಂಚೆ ನಾಗಮಂಗಲದ ಯಾವುದಾದರೂ ಊರಿಗೆ ಬಾ. ಅಲ್ಲಿನ ಎಸ್.ಡಿ.ಎಂ.ಸಿ.ಯ ಹೆಂಗಸರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದು, ಅವರಿಗೆ ಅರ್ಥವಾಗದ ಸಾಲನ್ನು ಅಲ್ಲೇ ಕೂತು ತಿದ್ದು.