ಪೋಕರ್ ಆಟದಲ್ಲಿ ಎಚ್ಚರ ಅತಿಯಾಗಿದೆಯೇ? ಹೀಗೆ ಪರೀಕ್ಷಿಸಿ

ಶ್ರಾವಣದ ಸಾತಮ್-ಆಠಮ್ ಬಂತೆಂದರೆ ಮುಲುಂಡ್‌ನ ಗುಜರಾತಿ, ಕಚ್ಛಿ ಮನೆಗಳಲ್ಲಿ ಇಸ್ಪೀಟು ಹೊರಬರುತ್ತದೆ. ದೀಪಾವಳಿಯ ಹೊತ್ತಿಗೆ ಅದೇ ಸೊಸೈಟಿಗಳ ಕನ್ನಡ ಮನೆಗಳಲ್ಲೂ ಚಾಪೆ ಹಾಸುತ್ತಾರೆ. ರಮ್ಮಿ, ತೀನ್ ಪತ್ತಿಯ ಜೊತೆಗೆ ಈಗ ಹುಡುಗರು ಟೆಕ್ಸಾಸ್ ಹೋಲ್ಡೆಮ್ ಪೋಕರನ್ನೂ ಕಲಿಸುತ್ತಿದ್ದಾರೆ. ರಮ್ಮಿಯಲ್ಲಿ ಪಳಗಿದವರು ಪೋಕರ್‌ಗೆ ಕೂತಾಗ ಒಂದು ಅಭ್ಯಾಸವನ್ನು ಜೊತೆಗೇ ತರುತ್ತಾರೆ. ಎಲೆ ಸುಮಾರಾಗಿದ್ದರೆ ಡ್ರಾಪ್!

ರಮ್ಮಿಯಲ್ಲಿ ಅದು ಸರಿ. ಸಾಮಾನ್ಯವಾಗಿ ಮೊದಲ ಡ್ರಾಪ್‌ಗೆ 20 ಪಾಯಿಂಟ್, ಕೊನೆವರೆಗೆ ಕೂತು ಸೋತರೆ 80ರವರೆಗೆ. ಬಿಡುವುದರ ಬೆಲೆ ಕಣ್ಣೆದುರಿಗೇ ಬರೆದಿರುತ್ತದೆ. ಪೋಕರ್‌ನಲ್ಲಿ ಪ್ಯಾಕ್ ಮಾಡಿದರೆ ಯಾರೂ ಏನೂ ಬರೆದುಕೊಳ್ಳುವುದಿಲ್ಲ, ಹಾಗಾಗಿ ಅದು ಪುಕ್ಕಟೆ ಅನಿಸುತ್ತದೆ. ಅದು ಪುಕ್ಕಟೆಯಲ್ಲ. ಆ ಲೆಕ್ಕವನ್ನು ನೀವೇ ಬರೆದಿಡಬೇಕು.

ಮೊದಲ ಕೆಲಸ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಷ್ಟು ಸಲ ಎಲೆ ಹಂಚಿದರು, ಅದರಲ್ಲಿ ಬ್ಲೈಂಡ್ ಬಿಟ್ಟು ಸ್ವಂತ ಇಚ್ಛೆಯಿಂದ ಎಷ್ಟು ಸಲ ಚಿಪ್ಸ್ ಹಾಕಿದಿರಿ ಎಂದು ಗೀಟು ಹಾಕುತ್ತ ಹೋಗಿ. ಒಂದು ಸಂಜೆಯ ಲೆಕ್ಕ ಸಾಲದು, ಕೆಟ್ಟ ಎಲೆಗಳ ದಿನವೂ ಇರುತ್ತದೆ. ನಾಲ್ಕೈದು ಬೈಠಕ್ ಸೇರಿಸಿ ನೋಡಿ. ಆರು ಜನರ ಆಟದಲ್ಲಿ ನುರಿತವರು ನೂರಕ್ಕೆ ಸುಮಾರು 20ರಿಂದ 25 ಸಲ ಕೈ ಹಾಕುತ್ತಾರೆ. ನಿಮ್ಮದು ಹತ್ತಕ್ಕಿಂತ ಕಡಿಮೆ ಬಂದರೆ ಎಚ್ಚರ ಅತಿಯಾಗಿದೆ.

ಯಾಕೆ ಎಂದು ನೋಡಿ. ಎರಡು ಎಲೆಗಳ ಜೋಡಣೆ ಒಟ್ಟು 1,326. ಎಕ್ಕ, ರಾಜ, ರಾಣಿಯ ಜೋಡಿಗಳು ಮತ್ತು ಎಕ್ಕ-ರಾಜ ಮಾತ್ರ ಆಡುತ್ತೇನೆ ಎನ್ನುವವರಿಗೆ ಅದರಲ್ಲಿ ಸಿಗುವುದು 34, ಅಂದರೆ 39 ಸಲಕ್ಕೆ ಒಮ್ಮೆ. ಆರು ಜನ ಕೂತಿದ್ದು ಬ್ಲೈಂಡ್ 1 ಮತ್ತು 2 ಇದ್ದರೆ ಪ್ರತಿ ಸುತ್ತಿಗೆ ಮೂರು ಚಿಪ್ಸ್ ಹೋಗುತ್ತವೆ. ಆ ಒಂದು ಎಲೆ ಬರುವಷ್ಟರಲ್ಲಿ ಸುಮಾರು 20 ಚಿಪ್ಸ್ ಕರಗಿರುತ್ತವೆ. ನೂರರಿಂದ ಶುರು ಮಾಡಿದವರಿಗೆ ಇದು ಐದನೇ ಒಂದು ಭಾಗ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಇಷ್ಟು ಹೊತ್ತು ಸುಮ್ಮನಿದ್ದವರು ಚಿಪ್ಸ್ ಮುಂದೆ ತಳ್ಳಿದ ಕೂಡಲೇ ಉಳಿದವರೆಲ್ಲ ಪ್ಯಾಕ್ ಮಾಡುತ್ತಾರೆ. ಎಕ್ಕದ ಜೋಡಿ ಹಿಡಿದೂ ಕೈಗೆ ಬರುವುದು ಮೂರು ಚಿಪ್ಸ್!

ಎರಡನೆಯದಾಗಿ, ಫ್ಲಾಪ್ ಬಿದ್ದ ಮೇಲೆ ಏನು ಮಾಡುತ್ತೀರಿ ಎಂದು ಗಮನಿಸಿ. ನಿಮ್ಮ ಕೈಯಲ್ಲಿ ಗುಲಾಮನ ಜೋಡಿ. ಮೇಜಿನ ಮೇಲೆ ಆಟೀನ್ ರಾಣಿ, ಕಳಾವರ್ ಏಳು, ಇಸ್ಪೀಟ್ ಎರಡು. ಪಾಟ್‌ನಲ್ಲಿ 60 ಇದೆ, ಎದುರಾಳಿ 30 ಕಟ್ಟಿದ. ‘ರಾಣಿ ಇದ್ದೇ ಇದೆ’ ಎಂದುಕೊಂಡು ನೀವು ಎಲೆ ಕವುಚಿದಿರಿ. ಇದೇ ಆ ಅಭ್ಯಾಸ. ಗುಲಾಮನ ಜೋಡಿ ಇದ್ದಾಗ ಫ್ಲಾಪ್‌ನಲ್ಲಿ ಅದಕ್ಕಿಂತ ದೊಡ್ಡ ಎಲೆ ಒಂದಾದರೂ ಬೀಳುವ ಸಂಭವ ಶೇ. 57. ಪ್ರತಿ ಸಲವೂ ಹೆದರಿದರೆ ಅಷ್ಟು ಒಳ್ಳೆಯ ಜೋಡಿಯನ್ನು ಅರ್ಧಕ್ಕಿಂತ ಹೆಚ್ಚು ಸಲ ಬಿಟ್ಟುಕೊಟ್ಟಂತೆ. ಯಾವುದೋ ಎರಡು ಎಲೆ ಹಿಡಿದವನ ಬಳಿ ಇಲ್ಲಿ ರಾಣಿ ಇರುವ ಸಂಭವ ಎಂಟರಲ್ಲಿ ಒಂದು ಮಾತ್ರ. ಅವನು ಕಟ್ಟಿದ್ದಾನೆಂದರೆ ಆ ಸಂಭವ ಹೆಚ್ಚುತ್ತದೆ, ನಿಜ. ಆದರೆ ಅದು ಖಾತ್ರಿಯಾಗುವುದಿಲ್ಲ.

ಪಾಟ್‌ನ ಅರ್ಧದಷ್ಟು ಕಟ್ಟುವವನು ಮೂರರಲ್ಲಿ ಒಂದು ಸಲ ನಿಮ್ಮನ್ನು ಓಡಿಸಿದರೆ ಸಾಕು, ಅವನ ಹಣ ಅವನಿಗೆ ಸರಿಹೋಯಿತು. ಅದಕ್ಕಿಂತ ಹೆಚ್ಚು ಸಲ ನೀವು ಓಡುತ್ತಿದ್ದರೆ ಅವನು ಏನೂ ಇಲ್ಲದೆಯೂ ಗೆಲ್ಲುತ್ತಾನೆ. ನೋಟ್‌ಬುಕ್‌ನಲ್ಲಿ ಇದಕ್ಕೂ ಒಂದು ಕಾಲಂ ಇರಲಿ.

ಮೂರನೆಯ ಪರೀಕ್ಷೆ ಲೆಕ್ಕದ್ದು. ನಿಮಗೆ ಫ್ಲಶ್ ಆಗಲು ಒಂದೇ ಎಲೆ ಬೇಕು, ಇನ್ನೂ ಎರಡು ಎಲೆ ಬೀಳಲಿವೆ. ಎದುರಾಳಿ ತನ್ನಲ್ಲಿ ಉಳಿದ 30 ಚಿಪ್ಸನ್ನೂ 60ರ ಪಾಟ್‌ಗೆ ಹಾಕಿದ, ಮೂರನೆಯವರು ಯಾರೂ ಇಲ್ಲ. 90 ಗೆಲ್ಲಲು ನೀವು 30 ಕೊಡಬೇಕು, ಅಂದರೆ ನಾಲ್ಕರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ಫ್ಲಶ್ ಆಗುವ ಸಂಭವ ಶೇ. 35. ಇಲ್ಲಿ ಪ್ಯಾಕ್ ಮಾಡುವುದು ಎಚ್ಚರವಲ್ಲ, ಲೆಕ್ಕ ತಪ್ಪಿದ್ದು. ಆದರೆ ಒಂದೇ ಎಲೆ ಬಾಕಿ ಇದ್ದರೆ ಸಂಭವ ಶೇ. 20ಕ್ಕೂ ಕೆಳಗಿಳಿಯುತ್ತದೆ, ಆಗ ಬಿಡುವುದೇ ಸರಿ.

ಇನ್ನೊಂದು ಲಕ್ಷಣ ಬೇಗ ಕಣ್ಣಿಗೆ ಬೀಳುವುದಿಲ್ಲ: ಒಳ್ಳೆಯ ಎಲೆ ಇದ್ದರೂ ಏರಿಸದೆ ಬರೀ ಕಾಲ್ ಮಾಡುತ್ತ ಹೋಗುವುದು. ಏರಿಸಿದರೆ ಗೆಲ್ಲಲು ಎರಡು ದಾರಿ, ಎದುರಾಳಿ ಬಿಡಬಹುದು ಅಥವಾ ನಿಮ್ಮ ಎಲೆಯೇ ದೊಡ್ಡದಿರಬಹುದು. ಕಾಲ್ ಮಾಡಿದರೆ ಎರಡನೆಯದೊಂದೇ.

ಈ ಭಯ ನಮ್ಮಲ್ಲಿ ಮಾತ್ರ ಇರುವುದಲ್ಲ. ಕೈಗೆ ಬಂದ ಖುಷಿಗಿಂತ ಕೈಬಿಟ್ಟು ಹೋದ ನೋವು ಮನುಷ್ಯನಿಗೆ ದೊಡ್ಡದಾಗಿ ಕಾಣುತ್ತದೆ ಎಂದು ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದರು. ತಿಂಗಳ ಸಂಬಳದಲ್ಲಿ ಮುಂಬಯಿ ಸಂಸಾರ ತೂಗಿಸುವವರಿಗೆ ಬಿಗಿಮುಷ್ಟಿ ಗುಣವೇ ಹೊರತು ದೋಷವಲ್ಲ. ಮೇಜಿನ ಮೇಲಿನ ಪ್ಲಾಸ್ಟಿಕ್ ಚಿಪ್ಸ್‌ಗೆ ಮಾತ್ರ ಅದು ಬೇಡ.

ತಿದ್ದಿಕೊಳ್ಳುವುದನ್ನು ನಿಧಾನವಾಗಿ ಮಾಡಿ. ಮೊದಲು ಡೀಲರ್ ಜಾಗದಲ್ಲಿ ಕೂತಾಗ ಮಾತ್ರ ಹೆಚ್ಚು ಎಲೆ ಆಡಿ, ಏಕೆಂದರೆ ಅಲ್ಲಿ ಫ್ಲಾಪ್ ನಂತರ ಎಲ್ಲರ ನಡೆ ನೋಡಿ ಕೊನೆಯಲ್ಲಿ ನಿರ್ಧರಿಸಬಹುದು. ಸಣ್ಣ ಜೋಡಿಗಳು, ಒಂದೇ ಜಾತಿಯ ಒಂಬತ್ತು-ಹತ್ತಿನಂಥವು ಅಲ್ಲಿಗೆ ಸಾಕು. ಎರಡು ಬೈಠಕ್ ಬಳಿಕ ಗುಲಾಮ-ರಾಣಿಯ ಪ್ರಸಂಗದಲ್ಲಿ ಕಾಲ್ ಮಾಡಲು ಶುರುಮಾಡಿ. ಆದರೆ ಇಡೀ ಸಂಜೆ ಬಾಯಿ ಬಿಡದೆ ಕೂತವರು ಕೊನೆಯ ಎಲೆ ಬಿದ್ದ ಮೇಲೆ ದೊಡ್ಡದಾಗಿ ಏರಿಸಿದರೆ ನಂಬಿ, ಎಲೆ ಇಡಿ.

ಈ ಅಭ್ಯಾಸವೆಲ್ಲ ಬರೀ ಚಿಪ್ಸ್‌ನಲ್ಲೇ ಇರಲಿ. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಧೈರ್ಯ ಕಲಿಯಲು ದುಡ್ಡು ಬೇಕಿಲ್ಲ. ದಯವಿಟ್ಟು ಮನೆಯ ಹಣವನ್ನು ಮೇಜಿನ ಮೇಲೆ ಇಡಬೇಡಿ.