ಬಾವು ಇಳಿದರೂ ಕಣ್ಣಿನ ಕಲೆ ಬೆಳೆಯುತ್ತಿದೆಯೆ?

ಹಿಂದವಾಡಿಯ ಆಚೆ ವಡಗಾವಿ, ಅನಗೋಳದ ಗದ್ದೆಗಳಿಂದ ಖಾನಾಪುರದವರೆಗೆ ಭತ್ತ ನಮ್ಮ ಮುಖ್ಯ ಬೆಳೆ. ಜೊತೆಗೆ ಕಬ್ಬು. ರಾಶಿ ಮಾಡುವಾಗ ಹೊಟ್ಟು, ಕಬ್ಬು ಕಡಿಯುವಾಗ ಗರಿ ಕಣ್ಣಿಗೆ ತಾಗೋದು ಹೊಸತಲ್ಲ. ಕಣ್ಣು ಕೆಂಪಾಗಿ ಬಾವು ಬರುತ್ತದೆ, ಹುಣ್ಣಾಗುತ್ತದೆ. ಕೆಲವು ದಿನಗಳಲ್ಲಿ ನೋವು ಇಳಿದರೆ 'ವಾಸಿಯಾಯ್ತು' ಅಂತ ಸುಮ್ಮನಾಗುತ್ತೇವೆ.

ಕೆಲವರಿಗೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ಅದರಲ್ಲಿ ರಕ್ತನಾಳಗಳಿಲ್ಲ, ಅದಕ್ಕೇ ಅಷ್ಟು ತಿಳಿ. ಬಾವು ಬಹಳ ದಿನ ಉಳಿದರೆ ಬಿಳಿಗುಡ್ಡೆಯ ಅಂಚಿನಿಂದ ಸಣ್ಣ ನಾಳಗಳು ಒಳಗೆ ನುಗ್ಗುತ್ತವೆ. ಈ ಹೊಸ ನಾಳಗಳು ಸೋರುತ್ತವೆ. ರಕ್ತದ ಕೊಬ್ಬು ಅಲ್ಲೇ ಕೂರುತ್ತದೆ. ಹಳದಿ ಮಿಶ್ರಿತ ಬಿಳಿ ಕಲೆ ನಾಳದ ತುದಿಯಲ್ಲಿ ಬೀಸಣಿಗೆಯಂತೆ ಹರಡುತ್ತದೆ. ನಡುವಿಗೆ ಬಂದರೆ ದೃಷ್ಟಿ ಮಂಕು. ಸರ್ಪಸುತ್ತು, ಹರ್ಪಿಸ್ ವೈರಸ್ಸಿನಿಂದಾದ ಬಾವಿನ ನಂತರವೂ ಹೀಗಾಗುವುದುಂಟು.

ಇದು ಮೋತಿಬಿಂದು ಅಲ್ಲ. ಅದು ಒಳಗಿನ ಮಸೂರದ್ದು. ಅದರ ಆಪರೇಶನ್ನಿನಿಂದ ಈ ಕಲೆ ಹೋಗದು. ವಯಸ್ಸಾದವರ ಕರಿಗುಡ್ಡೆಯ ಸುತ್ತ ಕಾಣುವ ಬಿಳಿ ಉಂಗುರವೂ ಕೊಬ್ಬೇ, ಆದರೆ ದೃಷ್ಟಿಗೆ ತೊಂದರೆಯಿಲ್ಲ. ನಲವತ್ತರೊಳಗೆ ಅದು ಕಂಡರೆ ಮಾತ್ರ ರಕ್ತದ ಕೊಬ್ಬು ಪರೀಕ್ಷಿಸಿಕೊಳ್ಳಿ.

ಕಲೆಯನ್ನು ಕರಗಿಸುವ ಹನಿಮದ್ದು ಇಲ್ಲ. ತುಪ್ಪ ಬಿಟ್ಟರೂ ಅದು ಕರಗದು. ಡಾಕ್ಟರು ಮೊದಲು ಬಾವು ತಗ್ಗಿಸಿ, ಬೇಕಾದರೆ ಲೇಸರ್, ಸೂಜಿ ಅಥವಾ ಇಂಜೆಕ್ಷನ್ನಿನಿಂದ ಸೋರುವ ನಾಳ ಮುಚ್ಚುತ್ತಾರೆ. ಕೊನೆಯ ದಾರಿ ಕಾರ್ನಿಯಾ ಬದಲಿಸುವುದು. ನಾಳ ತುಂಬಿದ ಕಣ್ಣು ದಾನದ ಕಾರ್ನಿಯಾವನ್ನು ತಿರಸ್ಕರಿಸುವ ಸಂಭವ ಹೆಚ್ಚು. ಆದ್ದರಿಂದ ಬೇಗ ಹೋದಷ್ಟೂ ಲಾಭ.

ನಾವು ಮಾಡಬೇಕಾದ್ದು ಇಷ್ಟು:

* ರಾಶಿ, ಕಬ್ಬು ಕಟಾವಿನ ಹೊತ್ತಿಗೆ ಕನ್ನಡಕ ಹಾಕಿ.
* ಕಸ ಬಿದ್ದರೆ ಉಜ್ಜಬೇಡಿ, ಶುದ್ಧ ನೀರಲ್ಲಿ ತೊಳೆಯಿರಿ. ಚುಚ್ಚಿಕೊಂಡದ್ದನ್ನು ಕೀಳಬೇಡಿ.
* ಸೊಪ್ಪಿನ ರಸ, ಎದೆಹಾಲು ಬೇಡ.
* ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಹನಿ ಹಾಕಲೇಬೇಡಿ. ಗರಿ, ಹೊಟ್ಟಿನಿಂದ ಬರುವ ಹುಣ್ಣು ಹೆಚ್ಚಾಗಿ ಶಿಲೀಂಧ್ರದ್ದು. ಸ್ಟೀರಾಯ್ಡಿನಿಂದ ಅದು ಕೆರಳುತ್ತದೆ.
* ನೋವು, ಮಂಕು, ಬಿಳಿಚುಕ್ಕೆ ಕಂಡ ದಿನವೇ ಬೆಳಗಾವಿಯ ಕಣ್ಣಿನ ಡಾಕ್ಟರ ಬಳಿ ಹೋಗಿ. ವಾಸಿಯಾದ ಮೇಲೂ ಅವರು ಕರೆದಾಗ ತೋರಿಸಿ.

ಇನ್ನೊಂದು ಮಾತು. 2021ರಲ್ಲಿ ತೀರಿಕೊಂಡ ಪುನೀತ್ ರಾಜಕುಮಾರ್ ಅವರ ಎರಡು ಕಣ್ಣುಗಳ ಕಾರ್ನಿಯಾ ಪದರಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಮರಣದ ಆರು ತಾಸಿನೊಳಗೆ ತಿಳಿಸಿದರೆ ನಮ್ಮ ಕಣ್ಣೂ ಇನ್ನೊಬ್ಬರಿಗೆ ಬೆಳಕಾದೀತು. ಮನೆಮಂದಿಗೆ ಇಂದೇ ಹೇಳಿಡಿ.