28 ಸಾವಿರದ ಪಲ್ಸರ್

ನನ್ನ ಅಕ್ಕನ ಮಗನಿಗೆ ಕಮಲಾಪುರದಲ್ಲಿ 28 ಸಾವಿರಕ್ಕೆ ಪಲ್ಸರ್ 150 ಸಿಗುವುದಿತ್ತು. 2020ರ ಜನವರಿಯ ಗಾಡಿ. ಅದೇ ವರ್ಷದ, ಎಲ್ಲೂ ಬೀಳದ ಗಾಡಿಗೆ ಕಲಬುರಗಿಯ ಹಳೆ ಬೈಕ್ ಅಂಗಡಿಗಳಲ್ಲಿ ಆಗ 60 ಸಾವಿರದ ಆಸುಪಾಸು ಹೇಳುತ್ತಿದ್ದರು. ಹುಡುಗ ಐಟಿಐ ಮುಗಿಸಿದವ, ಪಾನಾ ಹಿಡಿದ ಕೈ. "ಮಾಮಾ, 12 ಸಾವಿರ ಹಾಕಿದ್ರ ಗಾಡಿ ರೆಡಿ. 20 ಸಾವಿರ ಉಳೀತದ" ಎಂದು ಲೆಕ್ಕ ಒಪ್ಪಿಸಿದ. ಮನೆಯಲ್ಲಿ ಯಾರು ಗಾಡಿ ಕೊಂಡರೂ ನೋಡಲು ನಾನೇ ಹೋಗಬೇಕು. ನಾನೇನೂ ಮಿಸ್ತ್ರಿ ಅಲ್ಲ, ಬಹಳ ವರ್ಷ ಹಳೆ ಗಾಡಿಗಳೊಂದಿಗೇ ಹೆಣಗಿದವನು.

ಕಲಬುರಗಿಯ ಹುಮನಾಬಾದ್ ಬೇಸಿನ ಕಡೆ ಗ್ಯಾರೇಜ್ ಇಟ್ಟಿರುವ ಪರಿಚಯದ ಮಿಸ್ತ್ರಿಯನ್ನೂ ಕರೆದುಕೊಂಡೆವು. ನೋಡುವುದಕ್ಕೆಂದೇ 500 ರೂಪಾಯಿ ಮುಂಗಡ ಕೊಟ್ಟು, ರಿಪೇರಿ ಹುಡುಗನೇ ಮಾಡಿಕೊಳ್ಳುತ್ತಾನೆ ಎಂದು ಮೊದಲೇ ಹೇಳಿಬಿಟ್ಟೆ. ಕೆಲಸ ತನಗೇ ಬರುತ್ತದೆಂದು ಗೊತ್ತಿರುವ ಮಿಸ್ತ್ರಿಗೆ ಯಾವ ಗಾಡಿಯೂ ಕೈಬಿಡುವಂಥದ್ದಾಗಿ ಕಾಣುವುದಿಲ್ಲ. ಅದು ಮೋಸವಲ್ಲ, ಹೊಟ್ಟೆಪಾಡು.

ಗಾಡಿ ತಗಡಿನ ಶೆಡ್ಡಿನಲ್ಲಿ, ತೊಗರಿ ಕಟ್ಟಿಗೆಯ ಪಕ್ಕ ತಾಡಪತ್ರಿ ಹೊದ್ದು ನಿಂತಿತ್ತು. ಹೆಡ್‌ಲೈಟಿನ ಡೂಮ್ ಇಲ್ಲ, ಮೀಟರ್ ವೈರಿಗೆ ಜೋತುಬಿದ್ದಿದೆ, ಹ್ಯಾಂಡಲ್ ಸೊಟ್ಟ, ಟಾಂಕಿಗೆ ಗುಳಿ. ಹುಡುಗ ಅವನ್ನೇ ಒಂದೊಂದಾಗಿ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದ. ನೋಡಿದವರ ಎದೆ ಝಲ್ಲೆನ್ನಿಸುವ ಈ ಸಾಮಾನೆಲ್ಲ ಅಂಗಡಿಯಲ್ಲಿ ಸಿಗುವಂಥದ್ದು, ರೇಟೂ ಗೊತ್ತಿರುವಂಥದ್ದು. ಮಿಸ್ತ್ರಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮೊಣಕಾಲೂರಿ ಕೂತು ಮುಂದಿನ ಟೈರಿಗೂ ಎಂಜಿನ್ನಿಗೂ ನಡುವಿನ ಸಂದಿಗೆ ಕೈ ಹಾಕಿದರು. ಎರಡು ಬೆರಳೂ ಸರಿಯಾಗಿ ತೂರಲಿಲ್ಲ. ಆಮೇಲೆ ಚಾಸಿಯ ಕುತ್ತಿಗೆಗೆ ಟಾರ್ಚ್ ಬಿಟ್ಟರು. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆದು ನಿಲ್ಲಿಸುವ ಸಣ್ಣ ಕಬ್ಬಿಣದ ತುಂಡು ಅಲ್ಲಿರುತ್ತದೆ. ಎಡಗಡೆ ಅದು ಚಪ್ಪಟೆಯಾಗಿ ಒಳಗೆ ಕೂತಿತ್ತು. ಅದರ ಮೇಲೆ, ಟಾಂಕಿಯ ಅಡಿಯಲ್ಲಿ, ಉಗುರಿನಷ್ಟಗಲ ಬಣ್ಣ ಸುಕ್ಕುಗಟ್ಟಿ ಎದ್ದಿತ್ತು. ಬಿಸಿಲಿಗೆ ಎದ್ದ ಬಣ್ಣ ಹಪ್ಪಳೆ ಹಪ್ಪಳೆಯಾಗಿ ಉದುರುತ್ತದೆ. ಇದು ಸಾಲು ಸಾಲು ಮಡಿಕೆ. ಅಡಿಯ ಕಬ್ಬಿಣ ಸರಿದ ಗುರುತು.

"ಫೋರ್ಕ್ ಪೈಪ್ ಪ್ರೆಸ್‌ನ್ಯಾಗ ಸೀದಾ ಮಾಡಸ್ತಾರ. ಇದಕ್ಕೇನ್ ಮಾಡ್ತೀರಿ?" ಎಂದರು ಮಿಸ್ತ್ರಿ.

ಚಾಸಿ ನಂಬರ್ ಒತ್ತಿರುವುದೂ ಆ ಕುತ್ತಿಗೆಯ ಮೇಲೆಯೇ. ಬೇರೆ ಚಾಸಿ ಕೂರಿಸಬೇಕೆಂದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ನಂಬರ್ ಬದಲಾಗಬೇಕು. ಗುಜರಿಯ ಚಾಸಿ ತಂದು ಸದ್ದಿಲ್ಲದೆ ಕೂರಿಸುವವರೂ ಇದ್ದಾರೆ. ಅಂಥ ಗಾಡಿಯ ಆರ್‌ಸಿ ಒಂದು ಹೇಳಿದರೆ ಮೈ ಇನ್ನೊಂದು ಹೇಳುತ್ತದೆ. ಇನ್ನು 2019ರ ಏಪ್ರಿಲ್ ಬಳಿಕ ಮಾರಾಟವಾದ, 125 ಸಿಸಿ ಮೀರಿದ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯ. ಮುಂದಿನ ಗಾಲಿಗೆ ಪೆಟ್ಟು ಬಿದ್ದರೆ ಅದರ ಸೆನ್ಸರ್, ರಿಂಗಿನ ಖರ್ಚೂ ಸೇರುತ್ತದೆ. ಚಾಸಿ ಮುಟ್ಟದೆಯೇ ಮಿಸ್ತ್ರಿಯ ಲೆಕ್ಕ 27 ಸಾವಿರ ದಾಟಿತು. ಹುಡುಗನ ಉಳಿತಾಯ 5 ಸಾವಿರಕ್ಕಿಳಿಯಿತು.

ಮಾರುವವರು ತಾವಾಗಿಯೇ 18 ಸಾವಿರಕ್ಕೆ ಬಂದರು. ಇಷ್ಟು ಬೇಗ ರೇಟು ಇಳಿದರೆ ನನಗೆ ಖುಷಿಗಿಂತ ಅನುಮಾನವೇ ಹೆಚ್ಚು. ಕಾಗದ ಕೇಳಿದೆ.

ಆರ್‌ಸಿ ಬೀದರಿನ ಯಾರದೋ ಹೆಸರಲ್ಲಿತ್ತು, ಕೆಎ 38. ಇವರು ಕೊಂಡಾಗ ವರ್ಗಾವಣೆಯನ್ನೇ ಮಾಡಿಸಿಲ್ಲ. ಸಹಿ ಮಾಡಿದ ಖಾಲಿ ಫಾರಂ 29, 30 ಇಟ್ಟುಕೊಂಡಿದ್ದರು. ಸಾಲ ಕೊಟ್ಟ ಫೈನಾನ್ಸಿನ ಹೆಸರು ಆರ್‌ಸಿಯಲ್ಲಿ ಹಾಗೇ ಇತ್ತು. ಅದನ್ನು ತೆಗೆಸಲು ಬೇಕಾದ ಫಾರಂ 35 ಇರಲಿಲ್ಲ. "ಇನ್ಶೂರೆನ್ಸ್ 2025ರ ತನಕ ಅದರಿ" ಎಂದು ಧೈರ್ಯ ಹೇಳಿದರು. ನಮ್ಮ ಕಡೆ ಬಹಳ ಜನ ಇಲ್ಲಿಯೇ ಏಮಾರುತ್ತಾರೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಅದು ಎದುರಿನವನ ನಷ್ಟಕ್ಕೆ. ಸ್ವಂತ ಗಾಡಿಯ ಹಾನಿ ಕಟ್ಟಿಕೊಡುವ ಭಾಗ ಎಷ್ಟೋ ಪಾಲಿಸಿಗಳಲ್ಲಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ, ಮತ್ತೆ ಕಟ್ಟಿಸುವವರು ಕಡಿಮೆ. ರಿಪೇರಿ ಖರ್ಚು ಮೈಮೇಲೆ ಬಂದು, ಗಾಡಿ ಹೀಗೆ ತಾಡಪತ್ರಿಯ ಅಡಿ ಸೇರುತ್ತದೆ.

ಎದುರಿಗೆ ಏನು ಬಂದಿತ್ತು ಎಂದು ಕೇಳಿದೆ. "ಎಮ್ಮಿ ಅಡ್ಡ ಬಂತ್ರಿ" ಎಂದರು. ಅಷ್ಟರಲ್ಲಿ ಮಾರುವವರ ತಾಯಿ ಚಹಾ ತಂದಿಟ್ಟು, ಮಗನ ಕಡೆ ತಿರುಗಿ, "ಆ ಹುಡ್ಗನ ಕಾಲು ಕೂಡ್ತಂತೇನಪಾ? ಶರಣಬಸಪ್ಪನ ಪುಣ್ಯಾ, ಜೀವಕ್ಕೇನೂ ಆಗ್ಲಿಲ್ಲ" ಎಂದರು. ಮಾರುವವರು ಚಹಾದ ಕಪ್ಪು ನೋಡುತ್ತ ಕೂತರು.

ಗಾಯಾಳು ಇದ್ದಾನೆಂದರೆ ಕೇಸು ಇರಬಹುದು, ಇಲ್ಲವೇ ನಾಳೆ ಪರಿಹಾರದ ಅರ್ಜಿ ಬೀಳಬಹುದು. ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡ ಗಾಡಿಯಾದರೆ, ಕೇಸು ಮುಗಿಯುವ ತನಕ ಮಾರಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕೈ ಬದಲಾದ ಗಾಡಿಯ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ, ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ, ನೇರ ಉತ್ತರ ಕೊಟ್ಟಿದೆ: ಗಾಡಿ ಎಷ್ಟು ಜನರ ಕೈ ದಾಟಿರಲಿ, ಅಪಘಾತದ ದಿನ ನೋಂದಣಿ ಯಾರ ಹೆಸರಲ್ಲಿತ್ತೋ ಅವರೇ ಮಾಲೀಕರು. ಇಲ್ಲಿ ಆ ಮನುಷ್ಯ ಬೀದರಿನಲ್ಲಿ ತನ್ನ ಪಾಡಿಗೆ ತಾನಿದ್ದಾನೆ. ಅವನಿಗೆ ನೋಟಿಸು ಹೋದರೆ, ನಮ್ಮ ಹುಡುಗನ ಹೆಸರಿಗೆ ಮಾಡಿಕೊಡಲು ಓಡಿ ಬರುತ್ತಾನೆಯೇ?

"ಮಾಮಾ, 18ಕ್ಕೂ ಬ್ಯಾಡಂತೀರಿ?" ಎಂದ ಹುಡುಗ, ಹೊರಗೆ ಬಂದ ಮೇಲೆ. ಬೀದರಿನವರು ಫೈನಾನ್ಸಿನ ಪತ್ರ ಹಿಡಿದು ಆರ್‌ಟಿಒಗೆ ಬರಲಿ, ಪಾರ್ಟ್ಸ್ ರೇಟಿಗಾದರೂ ಬಿಡಿಸಿಕೊಳ್ಳೋಣ ಎಂದೆ. ಅವರ ಫೋನ್ ನಂಬರ್ ಕೇಳಿದರೆ ಮಾರುವವರು ಕೊಡಲಿಲ್ಲ. ವಾಪಸ್ ಬರುತ್ತ ಕೆಂಬಾಳೆ ಕೊಂಡೆವು. ಹುಡುಗ ಕಲಬುರಗಿ ಬರುವವರೆಗೂ ಮಾತಾಡಲಿಲ್ಲ.

ಬಿದ್ದ ಗಾಡಿಯೇ ಬೇಡ ಎಂದು ನಾನು ಹೇಳುವವನಲ್ಲ. ಕೆಲ ತಿಂಗಳ ಬಳಿಕ ಅವನು ಸೇಡಂ ರಸ್ತೆಯಲ್ಲಿ ಬಿದ್ದಿದ್ದ ಸ್ಪ್ಲೆಂಡರ್ ಒಂದನ್ನು ತಂದ. ನೋಡಲು ಪಲ್ಸರಿಗಿಂತ ಹೀನಾಯ. ಆದರೆ ಆರ್‌ಸಿ ಮಾರಿದವರದೇ ಹೆಸರಲ್ಲಿ, ಸಾಲ ಇಲ್ಲ, ಠಾಣೆಯಲ್ಲಿ ಕೇಸು ಇಲ್ಲ, ಚಾಸಿಯ ಕುತ್ತಿಗೆಯ ಬಣ್ಣ ಕಂಪನಿಯದೇ. ಒಂದು ಫೋರ್ಕ್ ಪೈಪ್ ಮಾತ್ರ ಬಾಗಿದೆ, ಇನ್ನೊಂದು ಸೀದಾ ಇದೆ ಎಂದು ಅವನ ವಾದ. ಎರಡನ್ನೂ ಬಿಚ್ಚಿಸಿ, ಮೇಜಿನ ಗಾಜಿನ ಮೇಲೆ ಉರುಳಿಸಲು ಹೇಳಿದೆ. ಸೀದಾ ಎಂದದ್ದೂ ನಡುವೆ ಗಾಜು ಬಿಟ್ಟು ಎದ್ದು ಟಕ್ ಟಕ್ ಎಂದಿತು. ಜೋಡಿಯೇ ಹೊಸದು ಹಾಕಿಸಿದೆವು. ಪ್ರೆಸ್ಸಿನಲ್ಲಿ ಸೀದಾ ಮಾಡಿಸಿದ ಪೈಪ್ ನಂಬಿಕೊಂಡು ಹುಮನಾಬಾದ್ ರಸ್ತೆಯ ಲಾರಿಗಳ ನಡುವೆ ಅವನನ್ನು ಬಿಡಲು ನಾನು ತಯಾರಿರಲಿಲ್ಲ. ಮಾತಾದ ರೇಟಿನಲ್ಲಿ 5 ಸಾವಿರ ತಡೆದಿಟ್ಟು, ಆರ್‌ಸಿ ಅವನ ಹೆಸರಿಗೆ ಬಂದ ದಿನ ಕೊಟ್ಟೆವು.